ಪಟವಾರಿ ಕಾಕಾನ ಮುಂದೆ ಮೈಗ್ರೇಟ್ ಅಪ್

ಸಾಫ್ಟ್‌ವೇರ್ ಕೆಲಸದವರ ಪಕ್ಕದಲ್ಲಿ ಕೂತು ಏನೂ ಕೇಳದಿದ್ದರೆ ಅವರಿಗೆ ಬೇಜಾರು, ಕೇಳಿದರೆ ಇನ್ನಷ್ಟು ಬೇಜಾರು. ಬೀದರ್ ಜಿಲ್ಲೆಯ ನಮ್ಮ ರಾಜೇಶ್ವರದಲ್ಲಿ ಹೆದ್ದಾರಿ ಬದಿಯ ಚಹಾದಂಗಡಿಗೆ ಲ್ಯಾಪ್‌ಟಾಪ್ ತಂದು ಕೂರುವ ಹುಡುಗನೊಬ್ಬನಿದ್ದಾನೆ. ಕೆಲಸ ಪುಣೆಯ ಕಂಪನಿಯದು, ಊಟ ಅವ್ವನ ಕೈಯದು, ನೆಟ್‌ವರ್ಕ್ ಮಾತ್ರ ಹೈದರಾಬಾದ್–ಪುಣೆ ರಸ್ತೆಯದು. ಓಣಿಯೊಳಗೆ ಹೋದರೆ ಮೊಬೈಲಿನ ಕಡ್ಡಿ ಒಂದಕ್ಕಿಳಿಯುತ್ತದೆ. ಹಾಗಾಗಿ ಲಾರಿ ಡ್ರೈವರುಗಳು, ತೊಗರಿ ದಲ್ಲಾಳಿಗಳು, ಬಸವಕಲ್ಯಾಣದ ಬಸ್ಸೋ ಹುಮನಾಬಾದಿನ ಬಸ್ಸೋ ಯಾವುದು ಮೊದಲು ಬಂದರೆ ಅದನ್ನೇ ಹತ್ತುವ ನಮ್ಮಂಥ ಉಡಾಳರು, ಇಷ್ಟೂ ಜನರ ನಡುವೆ ಕೂತು ಆತ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುತ್ತಿರುತ್ತಾನೆ.

ಎದುರಿನ ಬೆಂಚು ಪಟವಾರಿ ಕಾಕಾನದು. ಸರ್ಕಾರ ಅವರಿಗೆ ಗ್ರಾಮ ಲೆಕ್ಕಿಗ ಎಂದು ಹೆಸರಿಟ್ಟು ನಿವೃತ್ತಿ ಕೊಟ್ಟಿತು. ಈಗ ಅದೇ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಬೋರ್ಡು. ವಂಶಪಾರಂಪರ್ಯದ ಪಟವಾರಿಕೆ, ಕುಲಕರ್ಣಿಕೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಊರಿನ ಬಾಯಿ ಇನ್ನೂ ಅದನ್ನು ಜಾರಿಗೆ ತಂದಿಲ್ಲ.

“ಏನ್ ಮಾಡ್ಲಕತ್ತೀದಿ ತಮ್ಮಾ? ಮಾರಿ ಯಾಕ ಇಷ್ಟು ಸಣ್ಣ ಆಗ್ಯಾದ?”

“ಮೈಗ್ರೇಷನ್ ಓಡಸ್ಬೇಕ್ರಿ ಕಾಕಾ. ಪ್ರೊಡಕ್ಷನ್ ಮ್ಯಾಲ.”

“ಅಂದ್ರ?”

“ಟೇಬಲ್‌ದಾಗ ಒಂದು ಕಾಲಂ ಹೆಚ್ಚಿಗಿ ಹಾಕೋದದ.”

“ಒಂದು ಕಾಲಂ ಹಾಕ್ಲಿಕ್ಕ ಇಷ್ಟು ಹೆದರಿಕೀನ? ನಾವು ಹಾಳಿ ಮ್ಯಾಲ ಪಟ್ಟಿ ಇಟ್ಟು ಗೆರಿ ಹೊಡೀತಿದ್ವಿ, ಮುಗೀತು.”

ಹುಡುಗನ ಪಾಪದ ಕೊಡ ಅಲ್ಲಿಗೆ ತುಂಬಿತು. ಪಕ್ಕದವರೆಲ್ಲ ಕಿವಿ ನಿಮಿರಿಸಿದೆವು. ಬಸ್ಸು ಹೇಗೂ ಬಂದಿರಲಿಲ್ಲ.

ಹುಡುಗ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವನ ಮಾತಿನಲ್ಲಿ ಹೇಳಿದರೆ ನೀವು ಪುಟ ತಿರುವುತ್ತೀರಿ. ಬೀಜ-ಗೊಬ್ಬರದ ಅಂಗಡಿಗಳ ಉದ್ರಿ ಲೆಕ್ಕ ಇಡುವ ಒಂದು ತಂತ್ರಾಂಶ. ಅದರ ಹಿಂದೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು. ಅದರಲ್ಲಿ ರೈತರ ಟೇಬಲ್ಲು: ಹೆಸರು, ಊರು, ಫೋನ್ ನಂಬರು, ಬಾಕಿ. ನಾಳೆ ಮಾಲೀಕ ಬಂದು “ಬೆಳೆ ಯಾವುದು ಅಂತಲೂ ಬೇಕು” ಎಂದರೆ ಟೇಬಲ್ಲಿಗೆ ಕಾಲಂ ಸೇರಿಸಬೇಕು. ನೇರವಾಗಿ ಡೇಟಾಬೇಸಿಗೆ ನುಗ್ಗಿ ಕೈಯಾರೆ ಸೇರಿಸಬಹುದು, ಯಾರೂ ಕೈ ಹಿಡಿಯುವುದಿಲ್ಲ. ಆದರೆ ತಂತ್ರಾಂಶ ಬರೆಯುವವರು ಐದಾರು ಜನ, ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲೂ ಒಂದೊಂದು ನಕಲು, ಪರೀಕ್ಷೆಗೆ ಬೇರೆ ಸರ್ವರ್, ಗಿರಾಕಿಗಳಿಗೆ ಪ್ರೊಡಕ್ಷನ್ ಎಂಬ ಬೇರೆ ಸರ್ವರ್. ಯಾವುದರಲ್ಲಿ ಕಾಲಂ ಇದೆ, ಯಾವುದರಲ್ಲಿ ಇಲ್ಲ ಎಂದು ತಿಂಗಳೊಪ್ಪತ್ತಿನಲ್ಲಿ ದೇವರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಮೈಗ್ರೇಷನ್ ಉಪಕರಣ. ಗುಂಡಿ ಇಲ್ಲ, ಚಿತ್ರ ಇಲ್ಲ, ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವುದಷ್ಟೇ. ಹುಡುಗ ಬಳಸುವುದು ಗೋಲ್ಯಾಂಗ್-ಮೈಗ್ರೇಟ್. ‘ಕ್ರಿಯೇಟ್’ ಎಂದರೆ ಅದು ಎರಡು ಖಾಲಿ ಫೈಲು ಹಡೆಯುತ್ತದೆ, ಎರಡಕ್ಕೂ ಒಂದೇ ಸಂಖ್ಯೆ. ಒಂದರ ಬಾಲದಲ್ಲಿ ‘ಅಪ್’, ಇನ್ನೊಂದರ ಬಾಲದಲ್ಲಿ ‘ಡೌನ್’. ಅಪ್‌ನಲ್ಲಿ ಕಾಲಂ ಸೇರಿಸುವ ಸಾಲು ಬರೆಯಬೇಕು, ಡೌನ್‌ನಲ್ಲಿ ಅದನ್ನು ಕಿತ್ತುಹಾಕುವ ಸಾಲು. ಆಮೇಲೆ ‘ಮೈಗ್ರೇಟ್ ಅಪ್’. ಉಪಕರಣ ಡೇಟಾಬೇಸಿನೊಳಗೇ ಸ್ಕೀಮಾ ಮೈಗ್ರೇಷನ್ಸ್ ಎಂಬ ಪುಟ್ಟ ಟೇಬಲ್ ಇಟ್ಟುಕೊಂಡು, ತಾನು ಎಷ್ಟನೇ ನಂಬರಿನವರೆಗೆ ಓಡಿಸಿದ್ದೇನೆ ಎಂದು ಬರೆದಿಡುತ್ತದೆ. ಮುಂದಿನ ಸಲ ಅಲ್ಲಿಂದ ಮುಂದಿನವು ಮಾತ್ರ ಓಡುತ್ತವೆ. 6ರ ಆಮೇಲೆ 7, 7ರ ಆಮೇಲೆ 8. ಹೊಸಬ ಕೆಲಸಕ್ಕೆ ಸೇರಿದರೆ ಖಾಲಿ ಡೇಟಾಬೇಸಿನ ಮೇಲೆ ಒಂದರಿಂದ ಕೊನೆಯವರೆಗೆ ಓಡಿಸಿಕೊಂಡರಾಯಿತು, ಎಲ್ಲರ ಟೇಬಲ್ಲೂ ಒಂದೇ ರೂಪ.

“ಬಹಳ ದೊಡ್ಡ ಶೋಧ ಮಾಡ್ಯಾರ ನೋಡ್ರಿ,” ಎಂದರು ಕಾಕಾ ಬಶಿಗೆ ಚಹಾ ಸುರುವಿಕೊಳ್ಳುತ್ತ. “ಇದಕ್ಕ ನಮ್ಮ ಕಡಿ ಮುಟೇಷನ್ ರಜಿಸ್ಟರ್ ಅಂತಾರ.”

ಹುಡುಗ ನಕ್ಕ. ನಗಬಾರದಿತ್ತು. ಹಳೆಯ ಕಂದಾಯ ನೌಕರರ ಮುಂದೆ ಮುಟೇಷನ್ ಎಂದಾಗ ನಗುವವನು ಸಂಜೆಯವರೆಗೆ ಕೂರಲು ತಯಾರಿರಬೇಕು.

ಕಾಕಾ ಹೇಳಿದ್ದರಲ್ಲಿ ತಪ್ಪೇನಿಲ್ಲ. ಪಹಣಿ ನೋಡಿದ್ದೀರಲ್ಲ, 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 11ರಲ್ಲಿ ಇತರೆ ಹಕ್ಕು ಮತ್ತು ಋಣ, ಅಂದರೆ ಬ್ಯಾಂಕಿನ ಬೋಜಾ. ಅದು ಹೊಲದ ಇವತ್ತಿನ ಸ್ಥಿತಿ. ಆದರೆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳುವುದು ಪಹಣಿಯಲ್ಲ, ಹಕ್ಕು ಬದಲಾವಣೆಯ ವಹಿ. ಅಪ್ಪ ತೀರಿಕೊಂಡ, ಫೌತಿ ಖಾತೆ, ಒಂದು ನಂಬರು. ಅಣ್ಣತಮ್ಮಂದಿರು ಪಾಲಾದರು, ಇನ್ನೊಂದು ನಂಬರು. ಕಿರಿಯವ ತನ್ನ ಪಾಲಿನ 2 ಎಕರೆ 20 ಗುಂಟೆ ಮಾರಿದ, ಮತ್ತೊಂದು. ಪ್ರತಿ ಬದಲಾವಣೆಗೂ ಎಂ.ಆರ್. ನಂಬರು, ನೋಟಿಸು, ತಕರಾರು ಇದ್ದರೆ ಹೇಳಿ ಎಂಬ ಗಡುವು, ಕಂದಾಯ ನಿರೀಕ್ಷಕರ ಸಹಿ. ಅದಾದ ಮೇಲೆಯೇ ಪಹಣಿಯಲ್ಲಿ ಹೆಸರು ಬದಲು. ಪಹಣಿಯಲ್ಲಿ ಆ ಹೆಸರಿನ ಜೊತೆಗೇ ಎಂ.ಆರ್. ನಂಬರೂ ಇರುತ್ತದೆ. ಅನುಮಾನ ಬಂದವನು ನಂಬರು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗಬಹುದು; ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದ ಕಡೆಯವರಾದರೆ 1954–55ರ ಖಾಸ್ರಾ ಪಹಣಿಯವರೆಗೆ. ಅಲ್ಲಿಗೆ ಮುಟ್ಟಿದ ಮೇಲೂ ಜಗಳ ಮುಗಿಯದಿದ್ದರೆ ಕೋರ್ಟು.

“ನಿಮ್ಮ ಸ್ಕೀಮಾ ಗೀಮಾ ಅಂಬೋದು ಬರೇ ಪಹಣಿ ತಮ್ಮಾ. ಆ ನಂಬರಿನ ಫೈಲು ಅದಾವಲ್ಲ, ಅವು ಮುಟೇಷನ್. ಪಹಣಿ ಹರದ್ರ ಮುಟೇಷನ್ ನೋಡಿ ಮತ್ತ ಬರೀಬಹುದು. ಮುಟೇಷನ್ ಹರದ್ರ?”

ಹುಡುಗನ ನಗು ಇಳಿಯಿತು. “ಖರೇನೇ ಅದರಿ,” ಎಂದ. ಅವನ ಕಂಪನಿಯ ಹಿರಿಯ ಇಂಜಿನಿಯರ್ ಇದನ್ನೇ ಒಂದು ಗಂಟೆಯ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನಂತೆ, ಚಹಾ ಇಲ್ಲದೆ.

ಸರದಿಯ ವಿಷಯಕ್ಕೂ ಕಾಕಾನ ಹತ್ತಿರ ದಾಖಲೆ ಇತ್ತು. ಇಪ್ಪತ್ತೊಂದನೇ ಶತಮಾನ ಹುಟ್ಟುವ ಹೊತ್ತಿಗೆ ಕರ್ನಾಟಕ ‘ಭೂಮಿ’ ಯೋಜನೆ ತಂದಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ನಡೆದು, ಎನ್‌ಐಸಿಯವರ ತಂತ್ರಾಂಶದಲ್ಲಿ, ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಕೈಬರಹದಿಂದ ಕಂಪ್ಯೂಟರಿಗೆ ಹೋದವು. ಇದಕ್ಕಿಂತ ದೊಡ್ಡ ಮೈಗ್ರೇಷನ್ ಯಾವ ಪುಣೆಯ ಕಂಪನಿಯೂ ಚಹಾದಂಗಡಿಯಲ್ಲಿ ಕೂತು ಓಡಿಸಿಲ್ಲ. ಲೆಕ್ಕಿಗರು ಪ್ರಿಂಟ್ ತೆಗೆದ ಹಾಳಿಗಳನ್ನು ಹಳೆಯ ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿದರು. ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಜಾರಿಯಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಸಾರಿತು. ರೈತ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ. ಆದರೆ ಕಾಕಾ ಇವತ್ತಿಗೂ ನಿಟ್ಟುಸಿರು ಬಿಡುವುದು 15 ರೂಪಾಯಿಗಲ್ಲ, ‘ಫಿಫೋ’ಗೆ. ಮೊದಲು ಬಂದ ಅರ್ಜಿ ಮೊದಲು. ಹಿಂದಿನ ಮುಟೇಷನ್ ವಿಲೇವಾರಿ ಮಾಡದೆ ಮುಂದಿನದನ್ನು ಮುಟ್ಟಲು ತಂತ್ರಾಂಶ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಯಾರು ಮಾಡಿದರು ಎಂಬುದೂ ದಾಖಲು.

“ಅದಕ್ಕಿಂತ ಮೊದ್ಲ ಗೌಡ್ರು ಹೇಳಿಕಳಿಸಿದ್ರ 40ರ ಮುಂಚೆ 52 ಆಗ್ತಿತ್ತು,” ಎಂದು ಕಾಕಾ ಬಹಳ ನಿರಾಳವಾಗಿ ಹೇಳಿದರು. ಹೇಗೆ ಆಗುತ್ತಿತ್ತು ಎಂದು ನಾವು ಕೇಳಲಿಲ್ಲ. ಕಾಕಾ ಪಿಂಚಣಿದಾರರು.

ಸರದಿಯ ತಕರಾರು ಹುಡುಗನ ಲೋಕದಲ್ಲೂ ಉಂಟು. ಇಬ್ಬರು ಬೇರೆಬೇರೆ ಊರಿನಲ್ಲಿ ಕೂತು ಒಂದೇ ದಿನ 8ನೇ ನಂಬರಿನ ಫೈಲು ಮಾಡಿದರೆ? ಇಬ್ಬರದೂ 8. ಯಾರದು ಮೊದಲು? ರೂಬಿ ಆನ್ ರೈಲ್ಸ್ ಎಂಬ ಪ್ರಸಿದ್ಧ ಚೌಕಟ್ಟು ಮೊದಲಿಗೆ 1, 2, 3 ಎಂದೇ ಎಣಿಸುತ್ತಿತ್ತು. ಈ ಡಿಕ್ಕಿ ತಾಳಲಾರದೆ 2008ರಲ್ಲಿ, ತನ್ನ 2.1ನೇ ಆವೃತ್ತಿಯಲ್ಲಿ, ವರ್ಷದಿಂದ ಸೆಕೆಂಡಿನವರೆಗಿನ 14 ಅಂಕಿಯ ಸಮಯವನ್ನೇ ನಂಬರು ಮಾಡಿತು. ಇಬ್ಬರು ಒಂದೇ ಸೆಕೆಂಡಿನಲ್ಲಿ ಎಂಟರ್ ಒತ್ತುವಷ್ಟು ಹೊಂದಾಣಿಕೆ ಯಾವ ಕಂಪನಿಯಲ್ಲೂ ಇರುವುದಿಲ್ಲ ಎಂಬ ಭರವಸೆಯ ಮೇಲೆ ಅದು ನಡೆಯುತ್ತಿದೆ. ಜಾಂಗೋ ಎಂಬ ಇನ್ನೊಂದು ಚೌಕಟ್ಟಿನವರು ಮಾತ್ರ ಇಂದಿಗೂ 0007, 0008 ಎಂದೇ ಹೆಸರಿಡುತ್ತಾರೆ. ಡಿಕ್ಕಿಯಾದರೆ ಇಬ್ಬರನ್ನೂ ಕೂಡಿಸುವ ಒಂದು ರಾಜಿ ಫೈಲು ಬರೆಯಿರಿ ಎನ್ನುತ್ತಾರೆ. ಪಂಚಾಯ್ತಿ ಕಟ್ಟೆಯ ದಾರಿ.

ಇನ್ನು ತಿದ್ದುವ ಚಟ. ಒಮ್ಮೆ ಓಡಿಸಿದ ಫೈಲನ್ನು ಆಮೇಲೆ ಯಾರೋ ಸದ್ದಿಲ್ಲದೆ ತೆಗೆದು ಒಂದು ಸಾಲು ಬದಲಿಸುತ್ತಾನೆ, “ಸಣ್ಣದು, ಯಾರಿಗೂ ಗೊತ್ತಾಗೋದಿಲ್ಲ” ಎಂದು. ಅವನ ಲ್ಯಾಪ್‌ಟಾಪಿನಲ್ಲಿ ಹೊಸ ರೂಪ, ಗಿರಾಕಿಯ ಸರ್ವರಿನಲ್ಲಿ ಹಳೆಯದು, ನಂಬರು ಎರಡಕ್ಕೂ ಒಂದೇ. ಫ್ಲೈವೇ ಎಂಬ ಉಪಕರಣ ಇದಕ್ಕೇ ಪ್ರತಿ ಫೈಲಿನ ಚೆಕ್‌ಸಮ್ ಬರೆದಿಟ್ಟುಕೊಳ್ಳುತ್ತದೆ. ಒಂದು ಅಕ್ಷರ ಬದಲಾದರೂ ಹೊಂದುತ್ತಿಲ್ಲ ಎಂದು ರಚ್ಚೆ ಹಿಡಿದು ನಿಲ್ಲುತ್ತದೆ. ಇದನ್ನು ಕೇಳಿ ಕಾಕಾ ಒಂದು ಕ್ಷಣ ಸುಮ್ಮನಾದರು. ಕಂದಾಯ ಕಡತಗಳಲ್ಲಿ ಬ್ಲೇಡಿನಿಂದ ಕೆರೆದು ಮೇಲೆ ಬರೆಯುವ ಕಲೆಗೆ ನಮ್ಮ ಸೀಮೆಯಲ್ಲಿ ಗುರುಪರಂಪರೆಯೇ ಇತ್ತು. ಭೂಮಿ ಯೋಜನೆ ಹುಟ್ಟಲು ಅದೂ ಒಂದು ಕಾರಣ. “ಚೆಕ್‌ಸಮ್ ನಮ್ಮ ಕಾಲದಾಗ ಇರಬೇಕಾಗಿತ್ತು,” ಎಂದರು ಕೊನೆಗೆ. ಬೇಕಾಗಿತ್ತು ಎಂದದ್ದು ಯಾವ ಅರ್ಥದಲ್ಲೋ.

ಅಷ್ಟರಲ್ಲಿ ಹುಡುಗ ಪರೀಕ್ಷೆಯ ಸರ್ವರಿನ ಮೇಲೆ ಎಂಟರ್ ಒತ್ತಿದ್ದ. ಪರದೆ ಒಂದು ಕೆಂಪು ಸಾಲು ಉಗುಳಿತು. ಡರ್ಟಿ ಡೇಟಾಬೇಸ್ ವರ್ಷನ್ 16, ಸರಿ ಮಾಡಿ ಫೋರ್ಸ್ ಮಾಡಿ. ಫೈಲು ಓಡುತ್ತ ಓಡುತ್ತ ನಡುವೆ ಮುಗ್ಗರಿಸಿದರೆ ಈ ಉಪಕರಣ ತನ್ನ ಪುಟ್ಟ ಟೇಬಲ್ಲಿನಲ್ಲಿ ‘ಡರ್ಟಿ’ ಎಂದು ಗುರುತು ಹಾಕಿ ಮುಷ್ಕರ ಹೂಡುತ್ತದೆ. ಮುಂದಿನದೂ ಇಲ್ಲ, ಹಿಂದಿನದೂ ಇಲ್ಲ. ಮನುಷ್ಯ ಬಂದು ನೋಡಿ, ಎಷ್ಟು ಆಗಿದೆ ಎಷ್ಟು ಆಗಿಲ್ಲ ಎಂದು ಕೈಯಾರೆ ಸರಿಪಡಿಸಿ, ‘ಫೋರ್ಸ್’ ಎಂದು ನಂಬರು ಹೇಳಿದರೆ ಗುರುತು ಅಳಿಸುತ್ತದೆ. ಈ ಫೋರ್ಸ್ ಎಂಬುದು ಭಾರಿ ಹೆಸರಿನ ಬಡಪಾಯಿ. ಅದು ಯಾವ ಫೈಲನ್ನೂ ಓಡಿಸುವುದಿಲ್ಲ, ಏನನ್ನೂ ದುರಸ್ತಿ ಮಾಡುವುದಿಲ್ಲ, ನೀವು ಹೇಳಿದ ನಂಬರನ್ನು ಬರೆದುಕೊಂಡು ಸುಮ್ಮನಾಗುತ್ತದೆ. ನೀವು ಸುಳ್ಳು ಹೇಳಿದರೆ ಸುಳ್ಳನ್ನೇ ಬರೆದುಕೊಳ್ಳುತ್ತದೆ. ಎಷ್ಟೋ ಹುಡುಗರು ರಾತ್ರಿ ಹನ್ನೊಂದಕ್ಕೆ ಫೋರ್ಸ್ ಹೊಡೆದು “ಸರಿಯಾಯ್ತು” ಎಂದು ಮೆಸೇಜ್ ಹಾಕಿ ಮಲಗುತ್ತಾರೆ.

ಪೋಸ್ಟ್‌ಗ್ರೆಸ್ಸಿನಲ್ಲಿ ಈ ವಿಷಯಕ್ಕೆ ಒಂದು ಸಮಾಧಾನವುಂಟು. ಟೇಬಲ್ ಬದಲಿಸುವ ಆಜ್ಞೆಗಳನ್ನೂ ಒಂದೇ ವಹಿವಾಟಿನೊಳಗೆ ಕಟ್ಟಬಹುದು. ಮೂರನೆಯದು ಬಿದ್ದರೆ ಮೊದಲೆರಡೂ ಆಗಿಯೇ ಇಲ್ಲವೆಂಬಂತೆ ವಾಪಸು. ಮೈಸೀಕ್ವೆಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ಪ್ರತಿ ಆಲ್ಟರ್ ಆಜ್ಞೆಯೂ ತನ್ನಷ್ಟಕ್ಕೆ ತಾನು ಕಾಯಂ ಆಗಿಬಿಡುತ್ತದೆ. ಮೂರರಲ್ಲಿ ಎರಡು ಆಗಿ ಮೂರನೆಯದು ಮುರಿದರೆ ನಿಮ್ಮ ಟೇಬಲ್ಲು ಹಳೆಯದೂ ಅಲ್ಲ ಹೊಸದೂ ಅಲ್ಲ.

ಹುಡುಗನ ಅಸಲು ಹೆದರಿಕೆ ಇದಾವುದೂ ಅಲ್ಲ, ಬೀಗ. ಪೋಸ್ಟ್‌ಗ್ರೆಸ್ಸಿನಲ್ಲಿ ಕಾಲಂ ಸೇರಿಸುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಕಾಲಂಗೆ ಮೊದಲೇ ಒಂದು ಬೆಲೆ ತುಂಬಿ ಸೇರಿಸಬೇಕೆಂದರೆ ಹಿಂದೆ ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತಿತ್ತು. 2018ರ 11ನೇ ಆವೃತ್ತಿಯಿಂದ ಸಾಮಾನ್ಯ ಬೆಲೆಗಳಿಗೆ ಆ ಕಾಟವೂ ತಪ್ಪಿತು. ಆದರೆ ಆ ಕ್ಷಣಮಾತ್ರದ ಕೆಲಸಕ್ಕೆ ಅದು ಟೇಬಲ್ಲಿನ ಮೇಲೆ ಪೂರ್ತಿ ಬೀಗ ಕೇಳುತ್ತದೆ: ಬರೆಯುವವನೂ ಒಳಗೆ ಇರಕೂಡದು, ಓದುವವನೂ ಇರಕೂಡದು. ಅದೇ ಹೊತ್ತಿಗೆ ಹುಮನಾಬಾದಿನ ಯಾವುದೋ ಅಂಗಡಿಯವನು ಮೂರು ವರ್ಷದ ಉದ್ರಿಯ ವರದಿ ತೆಗೆಯುತ್ತಿದ್ದಾನೆ ಎನ್ನಿ. ವರದಿ ಮುಗಿಯುವವರೆಗೆ ಬೀಗ ಸಿಗದು, ನಮ್ಮ ಆಲ್ಟರ್ ಬಾಗಿಲಲ್ಲಿ ನಿಲ್ಲುತ್ತದೆ. ನಿಂತರೆ ನಿಲ್ಲಲಿ ಬಿಡಿ. ಅದರ ಹಿಂದೆ ಬಂದ ಸಣ್ಣಪುಟ್ಟ ವಿಚಾರಣೆಗಳೂ ಅದರ ಬೆನ್ನಿಗೇ ಸಾಲು ನಿಲ್ಲುತ್ತವೆ. ಎರಡೇ ನಿಮಿಷದಲ್ಲಿ ಜಿಲ್ಲೆಯ ಅಷ್ಟೂ ಅಂಗಡಿಗಳಲ್ಲಿ ಆ್ಯಪು ಗರಬಡಿದಂತೆ ನಿಂತು, ಪುಣೆಯಿಂದ ಫೋನು. ಕೆಲಸ ಕ್ಷಣದ್ದು, ಕಾಯುವುದು ಯುಗದ್ದು. ಇದಕ್ಕೆ ಮದ್ದು ಲಾಕ್ ಟೈಮ್‌ಔಟ್ ಎಂಬ ಒಂದು ಸಾಲು. ಎರಡು ಸೆಕೆಂಡಿನಲ್ಲಿ ಬೀಗ ಸಿಗದಿದ್ದರೆ ಬಿಟ್ಟು ಬಾ, ಆಮೇಲೆ ನೋಡೋಣ. ಫೈಲಿನ ಮೊದಲ ಸಾಲೇ ಅದಾಗಿರಬೇಕು. ಹುಡುಗನ ಫೈಲಿನಲ್ಲಿ ಅದು ಇತ್ತು. ಜಾಣ.

“ಹೋಗ್ಲಿ, ತಪ್ಪಾದ್ರ ಡೌನ್ ಅದ ಅಲ್ಲಾ?” ಎಂದು ನಾನು ಸಮಾಧಾನಕ್ಕೆ ಕೇಳಿದೆ.

ಹುಡುಗನೂ ಕಾಕಾನೂ ಒಟ್ಟಿಗೆ ನನ್ನ ಮುಖ ನೋಡಿದರು.

ಡೌನ್ ಎಂಬುದು ಈ ಇಡೀ ವ್ಯವಹಾರದ ಅತಿ ಸುಂದರ ಕಟ್ಟುಕತೆ. ಅಪ್ ಫೈಲು ಒಂದು ಕಾಲಂ ಅಳಿಸಿದೆ ಎಂದುಕೊಳ್ಳಿ. ಡೌನ್ ಫೈಲು ಅದೇ ಹೆಸರಿನ ಕಾಲಂ ಮತ್ತೆ ಸೇರಿಸುತ್ತದೆ. ಕಾಲಂ ಬಂತು, ಅದರೊಳಗಿದ್ದ ಸಾವಿರಾರು ಫೋನ್ ನಂಬರು? ಖಾಲಿ. ಇದಕ್ಕೆ ‘ರೋಲ್‌ಬ್ಯಾಕ್ ಯಶಸ್ವಿ’ ಎಂದು ಪರದೆ ಹೇಳುತ್ತದೆ. ಇನ್ನು ‘ಮೈಗ್ರೇಟ್ ಡೌನ್’ ಎಂದು ನಂಬರು ಹೇಳದೆ ಎಂಟರ್ ಒತ್ತಿದರೆ ಗೋಲ್ಯಾಂಗ್-ಮೈಗ್ರೇಟ್ ಒಂದೇ ಒಂದು ಮೆಟ್ಟಿಲು ಇಳಿಯುತ್ತದೆ ಎಂದುಕೊಂಡಿರಾ? ಎಲ್ಲ ಡೌನ್‌ಗಳನ್ನೂ ಓಡಿಸಲೇ, ಖಚಿತವೇ ಎಂದು ಕೇಳುತ್ತದೆ. ನಿದ್ದೆಗಣ್ಣಿನಲ್ಲಿ ‘ವೈ’ ಒತ್ತಿದವನು ಊರಿನ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತಾನೆ. ಫ್ಲೈವೇಯ ಪುಕ್ಕಟೆ ಆವೃತ್ತಿಯಲ್ಲಿ ಹಿಂದಕ್ಕೆ ಹೋಗುವ ಸೌಲಭ್ಯವೇ ಇಲ್ಲ, ಕಾಸು ಬಿಚ್ಚಬೇಕು. ರೈಲ್ಸ್ ಈ ವಿಷಯದಲ್ಲಿ ಸತ್ಯವಂತ. ಹಿಂದೆಗೆಯಲಾಗದ ಬದಲಾವಣೆಗೆ ಇರ್‌ರಿವರ್ಸಿಬಲ್ ಮೈಗ್ರೇಷನ್ ಎಂಬ ಪ್ರತ್ಯೇಕ ದೋಷವನ್ನೇ ಇಟ್ಟಿದೆ. ಡೌನ್ ಜಾಗದಲ್ಲಿ ಅದನ್ನು ಬರೆದರೆ, ಹಿಂದಕ್ಕೆ ಹೋಗಲು ಬಂದವನನ್ನು ಬಾಗಿಲಲ್ಲೇ ತಡೆಯುತ್ತದೆ.

ಇಲ್ಲಿ ಕಾಕಾ ಗೆದ್ದರು ಎಂದೇ ನನ್ನ ತೀರ್ಪು. ಕಂದಾಯ ಇಲಾಖೆಯಲ್ಲಿ ಡೌನ್ ಎಂಬುದೇ ಇಲ್ಲ. ತಪ್ಪು ಮುಟೇಷನ್ ಆಯಿತೇ? ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಸಹಾಯಕ ಆಯುಕ್ತರ ಹತ್ತಿರ ಮೇಲ್ಮನವಿ ಹೋಗಬೇಕು. ಅವರು ರದ್ದು ಎಂದು ಆದೇಶ ಮಾಡಿದರೂ ಹಳೆಯ ಎಂ.ಆರ್. ಹಾಳಿಯನ್ನು ಯಾರೂ ಹರಿಯುವುದಿಲ್ಲ. ಆ ಆದೇಶವನ್ನೇ ಆಧಾರ ಮಾಡಿ ಹೊಸ ನಂಬರಿನಲ್ಲಿ ಹೊಸ ಮುಟೇಷನ್ ಬರೆಯುತ್ತಾರೆ. 40 ತಪ್ಪಿತ್ತು, 87 ಅದನ್ನು ಸರಿಪಡಿಸಿತು, ಎರಡೂ ವಹಿಯಲ್ಲಿ ಉಳಿದವು. ಹುಡುಗನ ಲೋಕದ ಅನುಭವಸ್ಥರೂ ಈಗ ಹೇಳುವುದು ಇದನ್ನೇ. ಪ್ರೊಡಕ್ಷನ್ನಿನಲ್ಲಿ ಡೌನ್ ಓಡಿಸಬೇಡ, ತಪ್ಪನ್ನು ತಿದ್ದುವ ಇನ್ನೊಂದು ಅಪ್ ಬರೆ. ಡೌನ್ ಇರುವುದು ನಿನ್ನ ಲ್ಯಾಪ್‌ಟಾಪಿನಲ್ಲಿ ಆಟವಾಡಲಿಕ್ಕೆ.

ನಮ್ಮ ಜಿಲ್ಲೆಯನ್ನೇ ನೋಡಿ, ಎಷ್ಟು ಅಪ್ ಕಂಡಿದೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, ನಿಜಾಮನ ರಾಜ್ಯ ಮುಗಿಯಿತು. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೂರು ಪಾಲು: ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದ ನಾವು ಮೈಸೂರಿಗೆ. ಒಂದು ಟೇಬಲ್ಲು ಮೂರು ಡೇಟಾಬೇಸಿಗೆ. ಬಲದಿಂದ ಎಡಕ್ಕೆ ಬರೆದ ಉರ್ದು ಕಡತಗಳು ಎಡದಿಂದ ಬಲಕ್ಕೆ ಬರೆಯುವ ಗುಮಾಸ್ತರ ಕೈಗೆ ಬಂದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಅದಕ್ಕೂ ಮುಂಚೆ, 2014ರಲ್ಲಿ, ಗುಲ್ಬರ್ಗ ಕಲಬುರಗಿಯಾಗಿತ್ತು. ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪ ಒಡೆದು ಬೇರೆ ತಾಲ್ಲೂಕಾದವು. ಇವುಗಳಲ್ಲಿ ಯಾವುದಕ್ಕೆ ಡೌನ್ ಫೈಲು ಬರೆದಿಟ್ಟಿದ್ದಾರೆ, ಹೇಳಿ.

ಡೇಟಾದ ಮಾತಿಗೆ ಬಂದರೆ ಹಳೆಯ ಕಡತದಲ್ಲಿ ಕೂತಿರುವ ಇನ್ನೊಂದು ಬಾಂಬು ಫಸಲಿ ವರ್ಷ. ನಿಜಾಮನ ರಾಜ್ಯದ ಈ ಕಂದಾಯ ವರ್ಷದ ಎಣಿಕೆಯಲ್ಲಿ 1358 ಎಂದಿದ್ದರೆ ಅದಕ್ಕೆ 590 ಕೂಡಬೇಕು, ಅಂದರೆ ಕ್ರಿ.ಶ. 1948–49ರ ಮಾತು. ಇದು ಗೊತ್ತಿಲ್ಲದವನು ದಿನಾಂಕದ ಕಾಲಂನಲ್ಲಿ ವರ್ಷದ ಜಾಗಕ್ಕೆ ನೇರವಾಗಿ 1358 ಎಂದು ತುಂಬಿದರೆ ಪೋಸ್ಟ್‌ಗ್ರೆಸ್ ಒಂದು ಹುಬ್ಬೂ ಏರಿಸುವುದಿಲ್ಲ. ಕ್ರಿಸ್ತಪೂರ್ವ 4713ರಿಂದಲೂ ಅದಕ್ಕೆ ದಿನಾಂಕ ಗೊತ್ತು. ಕಾಕಾನ ಅಜ್ಜ ಬಹಮನಿ ಸುಲ್ತಾನರು ಗುಲ್ಬರ್ಗದಲ್ಲಿ ಕೂತಿದ್ದ ಕಾಲದಲ್ಲೇ ಹೊಲ ಬರೆಸಿಕೊಂಡಂತಾಗುತ್ತದೆ. “ಆಗ್ಲಿ ಬಿಡು, ಹಕ್ಕು ಇನ್ನೂ ಗಟ್ಟಿ ಆತು,” ಎಂದರು ಕಾಕಾ.

ಆದರೆ ಆ ದಿನ ಹುಡುಗನ ಜೀವ ತಿಂದದ್ದು ಫಸಲಿಯಲ್ಲ, ನಮ್ಮೂರ ಹೆಸರು. ರೈತರ ಟೇಬಲ್ಲಿನಲ್ಲಿ ಊರನ್ನು ಪ್ರತಿ ಸಾಲಿನಲ್ಲೂ ಅಕ್ಷರದಲ್ಲೇ ಬರೆದಿದ್ದರು. ಅದನ್ನು ಕಿತ್ತು, ಊರುಗಳಿಗೇ ಒಂದು ಟೇಬಲ್ ಮಾಡಿ, ಅಲ್ಲಿಂದ ನಂಬರು ಕೊಡುವ ಮೈಗ್ರೇಷನ್ ಅದರ ಮುಂದಿನದು. ಡರ್ಟಿ ಗುರುತು ಸರಿಪಡಿಸಿಕೊಂಡು ಪರೀಕ್ಷೆಗೆ ಓಡಿಸಿ ನೋಡಿದರೆ ರಾಜೇಶ್ವರ ಎರಡು ಸಲ ಬಂದಿತ್ತು. ಪರದೆಯ ಮೇಲೆ ಎರಡೂ ಒಂದೇ. ನಾನು ಕನ್ನಡಕ ಏರಿಸಿ ನೋಡಿದೆ, ಕಾಕಾ ಇಳಿಸಿ ನೋಡಿದರು. ತಿಲಮಾತ್ರ ವ್ಯತ್ಯಾಸವಿಲ್ಲ.

ವ್ಯತ್ಯಾಸ ‘ಜೇ’ಯಲ್ಲಿತ್ತು. ಯೂನಿಕೋಡಿನಲ್ಲಿ ಆ ದೀರ್ಘ ಏತ್ವವನ್ನು ಎರಡು ಬಗೆಯಲ್ಲಿ ಬರೆಯಬಹುದು. ಇಡಿಯಾಗಿ ಒಂದೇ ಸಂಕೇತ; ಇಲ್ಲವೇ ಹ್ರಸ್ವ ಎತ್ವ ಹಾಕಿ ಅದರ ಮುಂದೆ ದೀರ್ಘದ ಗುರುತನ್ನು ಬೇರೆ ಸಂಕೇತವಾಗಿ ಅಂಟಿಸುವುದು. ಕಣ್ಣಿಗೆ ಎರಡೂ ಜೇ. ಹೋಲಿಸುವ ಯಂತ್ರಕ್ಕೆ ಮೊದಲನೆಯದು 8 ಸಂಕೇತಗಳ ಊರು, ಎರಡನೆಯದು 9 ಸಂಕೇತಗಳ ಬೇರೆಯೇ ಊರು. ಯಾವುದೋ ಅಂಗಡಿಯ ಹಳೆಯ ಫೈಲನ್ನು ಯಾವುದೋ ಪರಿವರ್ತಕದಿಂದ ಯೂನಿಕೋಡಿಗೆ ತಂದಾಗ ಈ ಜೋಡಿ ಜೇ ಒಳಗೆ ನುಸುಳಿತ್ತು. ‘ನುಡಿ’ಯಲ್ಲೋ ‘ಬರಹ’ ತಂತ್ರಾಂಶದಲ್ಲೋ ಹಳೆಯ ಕಾಲಕ್ಕೆ ಟೈಪ್ ಮಾಡಿದ್ದನ್ನು ಪರಿವರ್ತಿಸಿ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತದ್ದನ್ನು ಹೆಕ್ಕಿದವರಿಗೆ ಇದು ಹೊಸದಲ್ಲ. ಅರ್ಕಾವತ್ತು ತಪ್ಪಿದರೆ ಕಣ್ಣಿಗಾದರೂ ಕಾಣುತ್ತದೆ. ಇದು ಕಾಣುವುದೂ ಇಲ್ಲ. ಎರಡನೇ ರಾಜೇಶ್ವರದ ರೈತರ ಬಾಕಿ ಮೊದಲನೇ ರಾಜೇಶ್ವರದ ಪಟ್ಟಿಯಲ್ಲಿ ಬರುತ್ತಿರಲಿಲ್ಲವಂತೆ. ಬೆಂಚಿನ ತುದಿಯಲ್ಲಿದ್ದ ಒಬ್ಬರು ತಮ್ಮದು ಯಾವ ರಾಜೇಶ್ವರ ಎಂದು ಬಹಳ ಆಸಕ್ತಿಯಿಂದ ವಿಚಾರಿಸಿದರು.

ಪೋಸ್ಟ್‌ಗ್ರೆಸ್ಸಿಗೆ 2020ರ 13ನೇ ಆವೃತ್ತಿಯಿಂದ ನಾರ್ಮಲೈಸ್ ಎಂಬ ಫಂಕ್ಷನ್ ಬಂದಿದೆ; ಎಲ್ಲ ಜೇಗಳನ್ನೂ ಇಡಿಯಾದ ಜೇ ಮಾಡಿಕೊಡುತ್ತದೆ. ಹುಡುಗ ಅದಕ್ಕೊಂದು ಅಪ್ ಬರೆದ. ಡೌನ್ ಫೈಲು ಬಿಚ್ಚಿ ಸುಮ್ಮನೆ ಕೂತ. ಒಮ್ಮೆ ಎಲ್ಲವೂ ಒಂದಾದ ಮೇಲೆ ಮೊದಲು ಯಾವ ಸಾಲಿನಲ್ಲಿ ಯಾವ ಜೇ ಇತ್ತು ಎಂದು ಯಾವ ಬ್ರಹ್ಮನೂ ಹೇಳಲಾರ. ಕಾಕಾನ ಸಲಹೆಯ ಮೇರೆಗೆ ಡೌನ್ ಫೈಲಿನಲ್ಲಿ ಟಿಪ್ಪಣಿಯಾಗಿ ಒಂದೇ ಸಾಲು ಬರೆದ: ‘ಇದಕ್ಕೆ ಮೇಲ್ಮನವಿ ಇಲ್ಲ’. ಓಡಿಸುವ ಮುನ್ನ ಇಡೀ ಡೇಟಾಬೇಸಿನ ನಕಲು ತೆಗೆದಿಟ್ಟ. ಮೈಗ್ರೇಷನ್ ಉಪಕರಣ ನಿಮಗಾಗಿ ಬ್ಯಾಕಪ್ ತೆಗೆಯುವುದಿಲ್ಲ, ಅದು ಅದರ ಕೆಲಸವೇ ಅಲ್ಲ. ಆಮೇಲೆ ಎಂಟರ್. ಹುಮನಾಬಾದಿನ ಬಸ್ಸು ಬಂದು ಹೋಯಿತು, ಯಾರೂ ಏಳಲಿಲ್ಲ. ಅಂಗಡಿಗಳು ಊಟಕ್ಕೆ ಮುಚ್ಚಿದ್ದ ಹೊತ್ತಾದ್ದರಿಂದ ಬೀಗ ತಕ್ಷಣ ಸಿಕ್ಕಿತು, ರಾಜೇಶ್ವರ ಒಂದಾಯಿತು.

ಇನ್ನು ದೂರದ ಊರುಗಳಲ್ಲಿ ಕೂತು ನಮ್ಮ ಹೆಸರುಗಳಿಗೆ ಟೇಬಲ್ ಬರೆಯುವ ಹುಡುಗ-ಹುಡುಗಿಯರಿಗೆ ಒಂದು ವಿನಂತಿ. ರಾಜೇಶ್ವರ ಓದುವವರಿಗೆ 4 ಅಕ್ಷರ. ಪೋಸ್ಟ್‌ಗ್ರೆಸ್ಸಿಗೆ 8. ಉದ್ದವನ್ನು ಬೈಟಿನಲ್ಲಿ ಅಳೆಯುವ ಒರಾಕಲ್‌ನಂಥ ಕಡೆ, ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟಿನಂತೆ, 24, ಬಸವಕಲ್ಯಾಣಕ್ಕೆ 27. ಇಂಗ್ಲಿಷಿನಲ್ಲಿ ಬರೆದು ನೋಡಿ ಊರಿನ ಕಾಲಂಗೆ 20 ಸಾಕು ಎಂದು ಬಿಡಬೇಡಿ. ಅಗಲವಾಗಿಯೇ ಇಡಿ, ಇಲ್ಲದಿದ್ದರೆ ಆಮೇಲೆ ಅಗಲ ಮಾಡುವ ಮೈಗ್ರೇಷನ್ ಓಡಿಸಲು ಮತ್ತೆ ಇದೇ ಹುಡುಗ ಇದೇ ಬೆಂಚಿಗೆ ಬರಬೇಕಾಗುತ್ತದೆ, ಮತ್ತು ಕಾಕಾ ಇರುತ್ತಾರೆ.